ಮಷಿನ್ ನಾವೇ ಕೊಡ್ತೀವಿ, ಮಾಲೂ ನಾವೇ ಕೊಳ್ತೀವಿ ಅಂದಾಗ: ಬಿಸಿನೆಸ್ ಆಫರ್ ಅಸಲಿಯೋ ಮೋಸವೋ ಪರೀಕ್ಷಿಸುವ ಸಮಗ್ರ ಮಾರ್ಗದರ್ಶಿ

"ಮನೆಯಲ್ಲೇ ಕೂತು ತಿಂಗಳಿಗೆ 30,000 ದುಡಿಯಿರಿ. ಮಷಿನ್, ಕಚ್ಚಾ ಮಾಲು ಎರಡೂ ನಾವು ಕೊಡ್ತೀವಿ. ತಯಾರಾದ ಮಾಲನ್ನು ಬೈಬ್ಯಾಕ್ ಮಾಡ್ತೀವಿ." ಹತ್ತಿ ಬತ್ತಿ, ಅಗರಬತ್ತಿ, ಪೇಪರ್ ಪ್ಲೇಟ್, ಕರ್ಪೂರ, ಹೀಗೆ ಸರಕು ಬದಲಾಗುತ್ತದೆ. ಮಾತು ಮಾತ್ರ ಇದೇ.

ದುಡ್ಡು ಕಳೆದುಕೊಂಡವರು ವಿಚಾರಿಸದೆ ಕೊಟ್ಟರು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗಿರುವುದಿಲ್ಲ. ಹೆಚ್ಚಿನವರು ವಿಚಾರಿಸಿಯೇ ಇರುತ್ತಾರೆ. ಜಿಎಸ್‌ಟಿ ಸರ್ಟಿಫಿಕೇಟ್ ನೋಡಿರುತ್ತಾರೆ, ಆಫೀಸಿಗೆ ಹೋಗಿರುತ್ತಾರೆ, ಈಗಾಗಲೇ ದುಡ್ಡು ಪಡೆಯುತ್ತಿರುವ ಇಬ್ಬರ ಹತ್ತಿರ ಮಾತಾಡಿರುತ್ತಾರೆ. ಈ ಮೂರೂ ಸರಿ ಇದ್ದೇ ಮೋಸ ಆಗುತ್ತದೆ. ಏಕೆಂದರೆ ಈ ಮೂರರಿಂದ ಅಂಗಡಿ ತೆರೆದಿದೆ ಅಂತ ಮಾತ್ರ ಗೊತ್ತಾಗುತ್ತದೆ. ಅಲ್ಲಿ ನಿಜವಾಗಿ ವ್ಯಾಪಾರ ನಡೆಯುತ್ತಿದೆಯಾ ಅಂತ ಗೊತ್ತಾಗಲ್ಲ.

ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಕಾಗದ ಪತ್ರ ನೋಡುವುದು ನಾಲ್ಕನೆಯದು, ಮೊದಲನೆಯದಲ್ಲ. ಮುಖ್ಯವಾಗಿ ಬೈಬ್ಯಾಕ್ ಆಫರ್, ಅಂದರೆ ತಯಾರಾದ ಮಾಲನ್ನು ಕಂಪನಿಯೇ ವಾಪಸ್ ಕೊಳ್ಳುವ ಆಫರ್ ಹಿಡಿದು ಬರೆದಿದ್ದೇನೆ. ಉಳಿದ ಬಗೆಗಳನ್ನು ಕೊನೆಯ ಹೊತ್ತಿಗೆ ನೋಡೋಣ.

## ಶುರು ಮಾಡುವ ಮುನ್ನ ಬೇಕಾದದ್ದು

ಒಂದು ನೋಟ್‌ಬುಕ್, ಇಂಟರ್ನೆಟ್ ಇರುವ ಫೋನ್, ಓಡಾಡಲು ಎರಡು ಮೂರು ದಿನ ಬಿಡುವು. ಪರಿಚಯದ ಆಡಿಟರ್ ಇದ್ದರೆ ಒಳ್ಳೆಯದು. ಇದರ ಜೊತೆ ಒಂದು ನಿಯಮ: ಆರು ಹಂತ ಮುಗಿಯುವವರೆಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಬುಕಿಂಗ್ ಅಡ್ವಾನ್ಸ್, ಟೋಕನ್, ಫಾರಂ ಫೀಸ್ ಯಾವುದೂ ಬೇಡ. 5,000 ರೂಪಾಯಿ ಟೋಕನ್ ಕೊಟ್ಟವರು ಆಮೇಲೆ ಆಫರಿನ ತಪ್ಪು ಹುಡುಕುವುದಿಲ್ಲ, ತಾವು ಮಾಡಿದ್ದು ಸರಿ ಅನ್ನುವುದಕ್ಕೆ ಕಾರಣ ಹುಡುಕುತ್ತಾರೆ. ಟೋಕನ್ ಕೇಳುವುದೇ ಅದಕ್ಕೆ.

## ಹಂತ 1: ಅವರು ಹೇಳಿದ್ದನ್ನೆಲ್ಲ ಹಾಳೆಗೆ ಇಳಿಸಿ

ಮಷಿನ್ ಬೆಲೆ ಜಿಎಸ್‌ಟಿ ಸೇರಿ ಎಷ್ಟು? ಯಾವ ಮಾಡೆಲ್, ಗಂಟೆಗೆ ಎಷ್ಟು ಕಿಲೋ ತಯಾರಿಸುತ್ತದೆ? ಕಚ್ಚಾ ಮಾಲಿನ ದರ ಎಷ್ಟು? ವಾಪಸ್ ಕೊಳ್ಳುವ ದರ ಎಷ್ಟು? ಸಾಗಣೆ ಖರ್ಚು ಯಾರದು? ಮಾಲು ಕೊಟ್ಟ ಎಷ್ಟು ದಿನಕ್ಕೆ ದುಡ್ಡು? ಎಷ್ಟು ವರ್ಷದ ಒಪ್ಪಂದ? ಎಲ್ಲಕ್ಕಿಂತ ಮುಖ್ಯವಾಗಿ, "ಕ್ವಾಲಿಟಿ ಸರಿ ಇದ್ದರೆ ಮಾತ್ರ ಕೊಳ್ತೀವಿ" ಅನ್ನುವ ಷರತ್ತು ಇದೆಯಾ? ಇದ್ದರೆ ಕ್ವಾಲಿಟಿ ನಿರ್ಧರಿಸುವವರು ಯಾರು?

ಇಷ್ಟನ್ನೂ ವಾಟ್ಸಾಪ್‌ನಲ್ಲಿ ಅವರಿಗೇ ಕಳಿಸಿ. "ಸರ್, ನಿನ್ನೆ ಫೋನಲ್ಲಿ ನೀವು ಹೇಳಿದ್ದು ಇದೇ ಅಲ್ವಾ? ಒಂದ್ಸಲ ನೋಡಿ ಕನ್ಫರ್ಮ್ ಮಾಡಿ" ಅಂತ ಕೇಳಿ. ನೆಟ್ಟಗೆ ವ್ಯಾಪಾರ ಮಾಡುವವರು ಉತ್ತರ ಬರೆಯುತ್ತಾರೆ. ತಪ್ಪಿದ್ದರೆ ತಿದ್ದುತ್ತಾರೆ. "ಆಫೀಸಿಗೆ ಬನ್ನಿ, ಎದುರಿಗೆ ಮಾತಾಡೋಣ" ಅಂತ ಮೂರು ಸಲ ಬಂದರೆ ಅದನ್ನೂ ಹಾಳೆಯಲ್ಲಿ ಬರೆದುಕೊಳ್ಳಿ. ಬರಹದಲ್ಲಿ ಸಿಕ್ಕಿಬೀಳಲು ಅವರಿಗೆ ಮನಸ್ಸಿಲ್ಲ ಅಂತ ಅರ್ಥ.

## ಹಂತ 2: ಪೇಟೆಯ ದರ ತಿಳಿಯಿರಿ, ಆದರೆ ಮಾರುವವರಾಗಿ ಹೋಗಿ

ಇಲ್ಲಿ ಎಡವುವವರು ಬಹಳ. ಬಂದಿರುವುದು ಹತ್ತಿ ಬತ್ತಿಯ ಆಫರ್ ಅಂತಿಟ್ಟುಕೊಳ್ಳಿ. ಅಂಗಡಿಗೆ ಹೋಗಿ "ಹೂಬತ್ತಿ ಪ್ಯಾಕೆಟ್ ಎಷ್ಟು?" ಅಂತ ಕೇಳಿ ಬರುತ್ತಾರೆ. ಅದು ಗಿರಾಕಿಯ ದರ. ನಿಮಗೆ ಬೇಕಾದ್ದು ಅಂಗಡಿಯವರು ಕೊಳ್ಳುವ ದರ. ಗ್ರಂಧಿಗೆ ಅಂಗಡಿ, ಪೂಜಾ ಸಾಮಾನಿನ ಹೋಲ್‌ಸೇಲ್ ಅಂಗಡಿ, ಕನಿಷ್ಠ ಮೂರು ಕಡೆ ಹೋಗಿ. ಬೆಂಗಳೂರಿನವರಾದರೆ ಚಿಕ್ಕಪೇಟೆ, ಅವೆನ್ಯೂ ರಸ್ತೆ ಕಡೆ ಒಂದು ಸುತ್ತು ಹಾಕಿ. "ತಿಂಗಳಿಗೆ 100 ಕಿಲೋ ಹೂಬತ್ತಿ ಕೊಡ್ತೀನಿ, ಎಷ್ಟಕ್ಕೆ ತಗೋತೀರಿ? ದುಡ್ಡು ಯಾವಾಗ ಕೊಡ್ತೀರಿ?" ಅಂತ ಕೇಳಿ. ಅರ್ಧ ಗಂಟೆಯಲ್ಲಿ ಇಡೀ ಧಂಧೆಯ ಚಿತ್ರ ಸಿಗುತ್ತದೆ. ಎಷ್ಟು ತಿಂಗಳ ಸಾಲ, ಯಾವ ಸೀಸನ್‌ನಲ್ಲಿ ಓಡುತ್ತದೆ, ಎಲ್ಲಿಂದ ಕಡಿಮೆಗೆ ಬರುತ್ತಿದೆ, ಎಲ್ಲವನ್ನೂ ಅವರೇ ಹೇಳುತ್ತಾರೆ.

ಮಷಿನ್ ಬೆಲೆಯನ್ನೂ ಹೀಗೇ ಪರೀಕ್ಷಿಸಿ. ಕೊಯಮತ್ತೂರು, ರಾಜ್‌ಕೋಟ್ ಕಡೆ ಸಣ್ಣ ಮಷಿನ್ ತಯಾರಕರು ಬಹಳ ಇದ್ದಾರೆ. ಅದೇ ಮಾಡೆಲ್‌ಗೆ ಮೂವರಿಂದ ಕೊಟೇಶನ್ ತರಿಸಿ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ವೆಬ್‌ಸೈಟಿನಲ್ಲಿ ಸಣ್ಣ ಉದ್ಯಮಗಳ ಮಾದರಿ ಯೋಜನಾ ವರದಿಗಳು ಸಿಗುತ್ತವೆ. ಮಷಿನ್‌ಗೆ ಎಷ್ಟು, ಕಚ್ಚಾ ಮಾಲಿಗೆ ಎಷ್ಟು ಅಂತ ಅದರಲ್ಲಿ ಲೆಕ್ಕ ಇರುತ್ತದೆ. ದರ ಸ್ವಲ್ಪ ಹಳೆಯದಿರಬಹುದು, ಅಂದಾಜಿಗೆ ಸಾಕು.

ಇನ್ನೊಂದು ಕಡೆ ಹೋಗಲೇಬೇಕು: ನಿಮ್ಮ ಜಿಲ್ಲೆಯ ಆರ್‌ಸೆಟಿ, ಅಂದರೆ ಬ್ಯಾಂಕುಗಳು ನಡೆಸುವ ಸ್ವಉದ್ಯೋಗ ತರಬೇತಿ ಸಂಸ್ಥೆ. ಇದರ ಮೂಲ ನಮ್ಮ ಉಜಿರೆಯಲ್ಲಿ 1982ರಲ್ಲಿ ಶುರುವಾದ ರುಡ್‌ಸೆಟಿ. ತರಬೇತಿ ಉಚಿತ. ಅಲ್ಲಿ ಕಲಿತು ಅದೇ ಮಷಿನ್ ಓಡಿಸುತ್ತಿರುವವರ ಪರಿಚಯ ಮಾಡಿಸಿ ಅಂತ ಕೇಳಿ. ಕಂಪನಿ ತೋರಿಸುವ "ಸಕ್ಸಸ್" ಸದಸ್ಯರಿಗಿಂತ ಇವರ ಒಂದು ಮಾತು ತೂಕದ್ದು.

## ಹಂತ 3: ಲಾಭದ ದುಡ್ಡು ಯಾರ ಜೇಬಿನಿಂದ ಬರುತ್ತಿದೆ?

ಇಡೀ ಪರೀಕ್ಷೆಯ ತಿರುಳು ಇಲ್ಲಿದೆ. ನಿಮ್ಮ ಲಾಭದ ಲೆಕ್ಕ ಎಲ್ಲರೂ ಹಾಕಿ ತೋರಿಸುತ್ತಾರೆ. ನೀವು ಹಾಕಬೇಕಾದ್ದು ಕಂಪನಿಯ ಲೆಕ್ಕ.

ಒಂದು ಉದಾಹರಣೆ ಹಿಡಿಯೋಣ. ಮಷಿನ್ 2,00,000 ರೂ. ಹತ್ತಿ ಕಿಲೋಗೆ 300ರಂತೆ ಕೊಡುತ್ತಾರೆ, ಬತ್ತಿಯನ್ನು 600ಕ್ಕೆ ಕೊಳ್ಳುತ್ತಾರೆ. ದಿನಕ್ಕೆ ನಾಲ್ಕು ಕಿಲೋ, ತಿಂಗಳಿಗೆ 25 ದಿನ ಅಂದರೆ 100 ಕಿಲೋ. ನಿಮಗೆ 30,000 ರೂ. ಉಳಿಯುತ್ತದೆ. ಏಳು ತಿಂಗಳಲ್ಲಿ ಬಂಡವಾಳ ವಾಪಸ್. ಕೇಳಲು ಚೆನ್ನಾಗಿದೆ, ಅಲ್ವಾ?

ಈಗ ಮೇಜಿನ ಆಚೆ ಬದಿಗೆ ಹೋಗಿ ಕೂರಿ. ಹಂತ 2ರಲ್ಲಿ ಹೋಲ್‌ಸೇಲ್ ಅಂಗಡಿಯವರು "ಕಿಲೋಗೆ 400ರ ಮೇಲೆ ಕೊಡಲ್ಲ" ಅಂದರು ಅಂತಿಟ್ಟುಕೊಳ್ಳಿ. ಕಂಪನಿ ಹತ್ತಿಯನ್ನು ಅಸಲಿಗೇ ಕೊಡುತ್ತಿದೆ ಅಂತಲೂ ಇಟ್ಟುಕೊಳ್ಳಿ. ಆಗ 600ಕ್ಕೆ ಕೊಂಡು 400ಕ್ಕೆ ಮಾರುವ ಕಂಪನಿಗೆ ಕಿಲೋಗೆ 200 ನಷ್ಟ. ನಿಮ್ಮೊಬ್ಬರ 100 ಕಿಲೋಗೆ 20,000. ನಿಮ್ಮಂಥ 50 ಜನರಿದ್ದರೆ ತಿಂಗಳಿಗೆ 10 ಲಕ್ಷ. ಪ್ಯಾಕಿಂಗ್, ಲಾರಿ ಬಾಡಿಗೆ, ಆಫೀಸಿನ ಸಂಬಳ ಇನ್ನೂ ಸೇರಿಸಿಲ್ಲ.

ಹಾಗಾದರೆ ಕಂಪನಿ ಬದುಕುವುದು ಹೇಗೆ? ಮಷಿನ್‌ನಿಂದ. ಪೇಟೆಯಲ್ಲಿ 60,000ಕ್ಕೆ ಸಿಗುವ ಮಷಿನ್ ನಿಮಗೆ 2,00,000ಕ್ಕೆ ಬಂದಿದ್ದರೆ ಒಂದೊಂದಕ್ಕೂ 1,40,000 ಉಳಿಯುತ್ತದೆ. 10 ಲಕ್ಷದ ತೂತು ಮುಚ್ಚಲು ತಿಂಗಳಿಗೆ ಎಂಟು ಹೊಸ ಸದಸ್ಯರು ಬೇಕು. ಮುಂದಿನ ತಿಂಗಳು ಸದಸ್ಯರು 58, ತೂತು 11.6 ಲಕ್ಷ. ಆಗ ಒಂಬತ್ತು ಜನ ಬೇಕು. ತಿಂಗಳು ತಿಂಗಳೂ ಇದು ಬೆಳೆಯುತ್ತದೆ. ಹೊಸಬರು ಕಡಿಮೆಯಾದ ತಿಂಗಳು "ಕ್ವಾಲಿಟಿ ಸರಿಯಿಲ್ಲ" ಅನ್ನುವ ಮಾತು ಶುರುವಾಗುತ್ತದೆ. ಆಮೇಲೆ ಫೋನ್ ಸ್ವಿಚ್ ಆಫ್.

ಈ ಲೆಕ್ಕವನ್ನು ನಿಮ್ಮ ಆಫರಿನ ಅಂಕಿ ಹಾಕಿ ನೀವೇ ಮಾಡಿ. ಪೇಟೆ ದರಕ್ಕಿಂತ ಜಾಸ್ತಿ ಕೊಟ್ಟು ಕೊಳ್ಳುವವರು ಆ ಹೆಚ್ಚುವರಿ ದುಡ್ಡನ್ನು ಎಲ್ಲಿಂದ ತರುತ್ತಾರೆ? "ಎಕ್ಸ್‌ಪೋರ್ಟ್ ಮಾಡ್ತೀವಿ" ಅನ್ನುವುದು ಸಿದ್ಧ ಉತ್ತರ. ಹಾಗಂದರೆ ಶಿಪ್ಪಿಂಗ್ ಬಿಲ್, ಅಂದರೆ ರಫ್ತಿಗೆ ಕಸ್ಟಮ್ಸ್‌ಗೆ ಸಲ್ಲಿಸುವ ದಾಖಲೆ ತೋರಿಸಿ ಅನ್ನಿ. ಗಿರಾಕಿಯ ಹೆಸರು ಮುಚ್ಚಿ ತೋರಿಸಿದರೂ ಸರಿ.

ತಮಿಳುನಾಡಿನ ಪೆರುಂದುರೈನಲ್ಲಿದ್ದ ಸುಸಿ ಎಮು ಫಾರ್ಮ್ಸ್ 2012ರಲ್ಲಿ ಮುಳುಗಿದ್ದು ನೆನಪಿರಬಹುದು. ರೈತರಿಗೆ ಎಮು ಮರಿ ಕೊಟ್ಟು, ಸಾಕಲು ತಿಂಗಳು ತಿಂಗಳು ದುಡ್ಡು ಕೊಡುತ್ತೇವೆ ಅಂದಿದ್ದರು. ಹಕ್ಕಿ ನಿಜ, ಶೆಡ್ ನಿಜ. ಆದರೆ ಎಮು ಮಾಂಸ, ಎಣ್ಣೆಗೆ ಹೇಳಿಕೊಂಡಷ್ಟು ಗಿರಾಕಿಗಳೇ ಇರಲಿಲ್ಲ. ಸ್ಕೀಮಿನ ಹೊರಗಿರುವ ಕೊನೆಯ ಗಿರಾಕಿ ಯಾರು ಅಂತ ಮೊದಲೇ ಹುಡುಕಿದ್ದರೆ ಅಲ್ಲೇ ಉತ್ತರ ಸಿಗುತ್ತಿತ್ತು.

ಅಸಲಿ ಕೆಲಸ ಹೇಗಿರುತ್ತದೆ ಅನ್ನುವುದಕ್ಕೆ ದಕ್ಷಿಣ ಕನ್ನಡದ ಬೀಡಿ ನೋಡಿ. ಎಲೆ, ತಂಬಾಕು ಕೊಡುತ್ತಾರೆ, ಸಾವಿರ ಬೀಡಿಗೆ ಇಷ್ಟು ಅಂತ ಮಜೂರಿ ಕೊಡುತ್ತಾರೆ. ಮಜೂರಿ ಕಡಿಮೆಯೇ. ಆದರೆ ಕಟ್ಟುವವರಿಂದ ಯಾರೂ ಲಕ್ಷ ರೂಪಾಯಿ ಕೇಳುವುದಿಲ್ಲ. ನಿಮ್ಮ ದುಡಿಮೆ ಬೇಕಾದವರು ನಿಮಗೆ ದುಡ್ಡು ಕೊಡುತ್ತಾರೆ. ನಿಮ್ಮ ದುಡ್ಡು ಬೇಕಾದವರು ಮೊದಲು ಮಷಿನ್ ಮಾರುತ್ತಾರೆ.

ಲೆಕ್ಕ ಕೂಡದಿದ್ದರೆ ಇಲ್ಲೇ ನಿಲ್ಲಿಸಿ. ಮುಂದಿನ ಹಂತಗಳು ಬೇಡ. ಎಷ್ಟೇ ಒಳ್ಳೆಯ ಕಾಗದವೂ ಕೂಡದ ಲೆಕ್ಕವನ್ನು ಕೂಡಿಸುವುದಿಲ್ಲ.

## ಹಂತ 4: ಈಗ ಕಾಗದ ಪತ್ರ

ಜಿಎಸ್‌ಟಿ. ಅವರು ಕೊಟ್ಟ ಫೋಟೊ ನಂಬಬೇಡಿ. ಜಿಎಸ್‌ಟಿ ಪೋರ್ಟಲ್‌ನ "ಸರ್ಚ್ ಟ್ಯಾಕ್ಸ್‌ಪೇಯರ್" ಜಾಗದಲ್ಲಿ ನಂಬರ್ ಹಾಕಿ ನೋಡಿ. ಒಟ್ಟು 15 ಅಕ್ಷರ, ಅಂಕಿ ಇರುತ್ತವೆ. ಮೊದಲ ಎರಡು ರಾಜ್ಯದ ಸಂಖ್ಯೆ, ಕರ್ನಾಟಕಕ್ಕೆ 29. ಮುಂದಿನ ಹತ್ತು ಪ್ಯಾನ್ ನಂಬರ್. ಜಿಎಸ್‌ಟಿ ನಂಬರಿನ ಆರನೇ ಜಾಗದಲ್ಲಿರುವ ಇಂಗ್ಲಿಷ್ ಅಕ್ಷರ ನೋಡಿ. ಅದು 'ಸಿ' ಆದರೆ ಕಂಪನಿ, 'ಎಫ್' ಆದರೆ ಪಾಲುದಾರಿಕೆ, 'ಪಿ' ಆದರೆ ಒಬ್ಬ ವ್ಯಕ್ತಿ. ವಿಸಿಟಿಂಗ್ ಕಾರ್ಡಿನಲ್ಲಿ "ಪ್ರೈವೇಟ್ ಲಿಮಿಟೆಡ್" ಅಂತಿದ್ದು ಇಲ್ಲಿ 'ಪಿ' ಕಂಡರೆ ಹೇಳಿದ್ದೇ ಸುಳ್ಳು. ನೋಂದಣಿ ದಿನಾಂಕ, ವಿಳಾಸ, ನಂಬರ್ ಚಾಲ್ತಿಯಲ್ಲಿದೆಯಾ ರದ್ದಾಗಿದೆಯಾ, ಇಷ್ಟೂ ಅಲ್ಲೇ ಸಿಗುತ್ತದೆ. ರಿಟರ್ನ್ ಸಲ್ಲಿಸಿದ ಪಟ್ಟಿಯನ್ನೂ ತೆರೆಯಿರಿ. "ಹತ್ತು ವರ್ಷದ ಕಂಪನಿ" ಆರು ತಿಂಗಳ ಹಿಂದೆ ನೋಂದಣಿಯಾಗಿರುವುದು ಇಲ್ಲೇ ಗೊತ್ತಾಗುವುದು.

ಕಂಪನಿ ದಾಖಲೆ. ಕಂಪನಿ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ ಲಾಗಿನ್ ಮಾಡಿ ಮಾಸ್ಟರ್ ಡೇಟಾ ನೋಡಿ. ಶುರುವಾದ ದಿನ, ಪಾವತಿಯಾದ ಬಂಡವಾಳ, ನಿರ್ದೇಶಕರ ಹೆಸರು, ಕೊನೆಯ ಬ್ಯಾಲೆನ್ಸ್ ಶೀಟ್ ಯಾವ ವರ್ಷದ್ದು ಅಂತ ಇರುತ್ತದೆ. 100 ರೂ. ಶುಲ್ಕ ಕಟ್ಟಿದರೆ ಬ್ಯಾಲೆನ್ಸ್ ಶೀಟನ್ನೇ ತೆರೆದು ನೋಡಬಹುದು. ಇದನ್ನು ಯಾರೂ ಮಾಡುವುದಿಲ್ಲ. ಎರಡು ಲಕ್ಷ ಹಾಕುವ ಮುಂಚೆ ನೂರು ರೂಪಾಯಿ ಖರ್ಚು ಮಾಡಿ. ಆಡಿಟರ್ ಕೈಗೆ ಕೊಟ್ಟು ಒಂದೇ ಪ್ರಶ್ನೆ ಕೇಳಿ: "ಇವರ ಆದಾಯ ಮಾಲು ಮಾರಿ ಬಂದಿದ್ದಾ, ಮಷಿನ್ ಮಾರಿ ಬಂದಿದ್ದಾ?"

ಉದ್ಯಮ್ ಸರ್ಟಿಫಿಕೇಟ್. ಇದು ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ ಪತ್ರ. ಅದರ ಮೇಲೆ ಭಾರತ ಸರ್ಕಾರದ ಲಾಂಛನ ಇರುತ್ತದೆ, ಅದಕ್ಕೇ ಫ್ರೇಮ್ ಹಾಕಿ ಗೋಡೆಗೆ ತೂಗುಹಾಕುತ್ತಾರೆ. ನೋಂದಣಿ ಉಚಿತ, ಸ್ವಯಂ ಘೋಷಣೆಯ ಮೇಲೆ ಸಿಗುತ್ತದೆ. ಅದರಿಂದ ನಂಬಿಕೆ ಹುಟ್ಟಬೇಕಾಗಿಲ್ಲ.

ಒಟ್ಟಿನಲ್ಲಿ ಕಾಗದ ಇಲ್ಲದಿದ್ದರೆ ಆಫರನ್ನೇ ಬಿಡಿ, ಇದ್ದರೆ ಮುಂದಿನ ಹಂತಕ್ಕೆ ಹೋಗಿ, ಅಷ್ಟೇ. ಜನರಿಂದ ಹೂಡಿಕೆ ಪಡೆಯುತ್ತಿದ್ದ ಬೆಂಗಳೂರಿನ ಐಎಂಎ ಸಂಸ್ಥೆ 2019ರ ಜೂನ್‌ನಲ್ಲಿ ಬಾಗಿಲು ಹಾಕಿದಾಗ ಅದಕ್ಕೆ ನೋಂದಣಿಯೂ ಇತ್ತು, ಚಿನ್ನದ ಮಳಿಗೆಯೂ ಇತ್ತು.

## ಹಂತ 5: ಹೇಳದೆ ಕೇಳದೆ ಹೋಗಿ ನೋಡಿ

ಆಫೀಸು ನೋಡಿ ಬರುವುದು ಸಾಲದು. ಗೋಡೌನ್ ನೋಡಬೇಕು. ಮೇಲಿನ ಲೆಕ್ಕದ 50 ಜನ ತಿಂಗಳಿಗೆ 5,000 ಕಿಲೋ ಬತ್ತಿ ಕೊಡುತ್ತಾರೆ. ಹತ್ತಿ ಹಗುರ, ಜಾಗ ಜಾಸ್ತಿ ತಿನ್ನುತ್ತದೆ. ಅಷ್ಟು ಮಾಲು ಎಲ್ಲಿಡುತ್ತಾರೆ? ಯಾವ ಲಾರಿ, ಯಾವ ಊರಿಗೆ, ವಾರಕ್ಕೆ ಎಷ್ಟು ಸಲ? ಗೋಡೌನ್ ಪಕ್ಕದ ಟೀ ಅಂಗಡಿಯವರಿಗೆ ಇದೆಲ್ಲ ಗೊತ್ತಿರುತ್ತದೆ. ಮಾಲು ಒಳಗೆ ಬರುತ್ತಿದೆ, ಹೊರಗೆ ಹೋಗುತ್ತಿಲ್ಲ ಅಂದರೆ ನಿಮ್ಮ ಉತ್ತರ ಸಿಕ್ಕಿತು.

ಹಳೆಯ ಸದಸ್ಯರನ್ನು ನೀವೇ ಹುಡುಕಿ. ಕಂಪನಿ ಕೊಡುವ ಮೂರು ಫೋನ್ ನಂಬರ್‌ಗಳು ಬೇಡ. ಅವರಿಗೆ ಕಮಿಷನ್ ಇರಬಹುದು, ಅಥವಾ ನಿಜವಾಗಿಯೂ ದುಡ್ಡು ಬರುತ್ತಿರಬಹುದು. ಎರಡನೆಯದೇ ಹೆಚ್ಚು ಅಪಾಯ. ಇಂಥ ಸ್ಕೀಮುಗಳಲ್ಲಿ ಮೊದಲು ಸೇರಿದವರಿಗೆ ದುಡ್ಡು ಸರಿಯಾಗಿ ಬರುತ್ತದೆ. ಬರಲೇಬೇಕು, ಇಲ್ಲದಿದ್ದರೆ ನೀವು ಸೇರುವುದಿಲ್ಲ. ನಿಮ್ಮ ಭಾವನಿಗೆ ನಾಲ್ಕು ತಿಂಗಳಿಂದ ತಪ್ಪದೆ ಬರುತ್ತಿದೆ ಅನ್ನುವುದು ಭಾವ ಪ್ರಾಮಾಣಿಕ ಅನ್ನುವುದಕ್ಕೆ ಆಧಾರ, ಕಂಪನಿಯ ಪ್ರಾಮಾಣಿಕತೆಗೆ ಅಲ್ಲ. ಸಂಬಂಧಿಕರ ಮೂಲಕ ಬಂದ ಆಫರನ್ನು ಪರೀಕ್ಷಿಸಲು ಸಂಕೋಚ ಆಗುತ್ತದೆ, ನಿಜ. "ನಿನ್ನ ಮೇಲೆ ಅನುಮಾನ ಇಲ್ಲ ಭಾವ, ಕಂಪನಿ ಲೆಕ್ಕ ನೋಡ್ತಿದ್ದೀನಿ" ಅಂದರೆ ಸಾಕು.

ಹಳಬರಿಗೆ ಕೇಳಬೇಕಾದ್ದು "ದುಡ್ಡು ಬರ್ತಿದೆಯಾ?" ಅಂತಲ್ಲ. "ಹೋದ ತಿಂಗಳು ಎಷ್ಟು ಕಿಲೋ ಕೊಟ್ಟಿರಿ, ಎಷ್ಟು ರಿಜೆಕ್ಟ್ ಆಯಿತು, ದುಡ್ಡು ಎಷ್ಟನೇ ದಿನಕ್ಕೆ ಬಂತು, ಮೊದಲ ತಿಂಗಳಿಗಿಂತ ಈಗ ತಡ ಆಗ್ತಿದೆಯಾ?" ಅಂತ. ಪಾವತಿ ತಡವಾಗುತ್ತಾ ಬರುವುದು ಮತ್ತು ರಿಜೆಕ್ಟ್ ಜಾಸ್ತಿಯಾಗುವುದು ಮುಳುಗುವ ಮುಂಚಿನ ಗುರುತು.

## ಹಂತ 6: ಅಗ್ರಿಮೆಂಟ್ ಮನೆಗೆ ತಂದು ಓದಿ

ಅಲ್ಲೇ ಸಹಿ ಹಾಕಿ ಅಂದರೆ ಎದ್ದು ಬನ್ನಿ. ಪ್ರತಿಯನ್ನು ಮನೆಗೆ ತಂದು ವಕೀಲರಿಗೆ ತೋರಿಸಿ. ಬೈಬ್ಯಾಕ್ ದರ, ಪಾವತಿಯ ಗಡುವು, ರಿಜೆಕ್ಟ್ ಮಾಡುವ ಅಳತೆಗೋಲು, ಇವು ಮೂರೂ ಅಕ್ಷರದಲ್ಲಿ ಇರಬೇಕು. "ಕಂಪನಿಯ ತೀರ್ಮಾನವೇ ಅಂತಿಮ" ಅಂತಿದ್ದರೆ ಬೈಬ್ಯಾಕ್ ಇಲ್ಲ ಅಂತಲೇ ಓದಿಕೊಳ್ಳಿ. ತಕರಾರು ಬಂದರೆ ಯಾವ ಊರಿನ ಕೋರ್ಟು ಅನ್ನುವ ಸಾಲನ್ನೂ ನೋಡಿ.

ಬಾಂಡ್ ಪೇಪರ್ ಮೇಲೆ ಬರೆದು ನೋಟರಿ ಮಾಡಿಸಿದರೆ ಗಟ್ಟಿ ಅಂತ ನಮ್ಮಲ್ಲಿ ನಂಬಿಕೆ. ಸಹಿ ಹಾಕಿದವರು ಇವರೇ ಅಂತ ನೋಟರಿ ದೃಢಪಡಿಸುತ್ತಾರೆ, ಅಷ್ಟೇ. ಒಳಗಿನ ಮಾತು ನಿಜವೋ ಸುಳ್ಳೋ ಅವರಿಗೆ ಸಂಬಂಧವಿಲ್ಲ.

ಮುಂದಿನ ದಿನಾಂಕದ ಚೆಕ್ ಕೊಟ್ಟು ಧೈರ್ಯ ತುಂಬುವುದೂ ಹಳೆಯ ವರಸೆ. ಚೆಕ್ಕಿನ ಆಯಸ್ಸು ಅದರ ಮೇಲಿನ ದಿನಾಂಕದಿಂದ ಮೂರು ತಿಂಗಳು. ಬೌನ್ಸ್ ಆದರೆ, ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ನೋಟಿಸ್ ಕೊಡಬೇಕು. ಅವರಿಗೆ 15 ದಿನ ಕಾಲಾವಕಾಶ, ಆಮೇಲೆ ಒಂದು ತಿಂಗಳೊಳಗೆ ಕೇಸು. ಬಹಳ ಜನ "ಇನ್ನೊಂದು ವಾರ ತಡೀರಿ ಸರ್" ಅನ್ನುವುದನ್ನು ಕೇಳುತ್ತಾ ಈ ಗಡುವು ದಾಟಿಸಿಬಿಡುತ್ತಾರೆ.

## ಹಂತ 7: ಕೊಡುವುದೇ ಆದರೆ ಹೀಗೆ ಕೊಡಿ

ದುಡ್ಡು ಹೋಗಬೇಕಾದ್ದು ಅಗ್ರಿಮೆಂಟ್‌ನಲ್ಲಿರುವ ಹೆಸರಿನ ಕರೆಂಟ್ ಅಕೌಂಟಿಗೆ. ಯುಪಿಐ ಸ್ಕ್ಯಾನ್ ಮಾಡಿದಾಗ ಬೇರೊಬ್ಬ ವ್ಯಕ್ತಿಯ ಹೆಸರು ಬಂದರೆ ಅಲ್ಲೇ ನಿಲ್ಲಿಸಿ. "ಟ್ಯಾಕ್ಸ್ ಉಳಿಸೋಕೆ ನಮ್ಮ ಮ್ಯಾನೇಜರ್ ಅಕೌಂಟಿಗೆ ಹಾಕಿ" ಅಂದರೂ ಬೇಡ. ನಗದು ಬೇಡವೇ ಬೇಡ. ಪೂರ್ತಿ ಜಿಎಸ್‌ಟಿ ಬಿಲ್ ಪಡೆಯಿರಿ.

ಒಂದು ಪ್ರಸ್ತಾಪ ಇಟ್ಟು ನೋಡಿ: "ಮಷಿನ್ ನಾನೇ ಹೊರಗಡೆ ಕೊಳ್ತೀನಿ. ನಿಮಗೆ ಬತ್ತಿ ಅದೇ ದರಕ್ಕೆ ಕೊಡ್ತೀನಿ. ಆಗ್ತದಾ?" ಬತ್ತಿ ನಿಜವಾಗಿ ಬೇಕಾದವರಿಗೆ ಇದರಲ್ಲಿ ತೊಂದರೆ ಏನೂ ಇಲ್ಲ, ಬೇಕಾದರೆ ಮಷಿನ್ ಮಾಡೆಲ್ ಹೇಳುತ್ತಾರೆ. "ನಮ್ಮ ಮಷಿನ್ನೇ ತಗೋಬೇಕು" ಅಂತ ಪಟ್ಟು ಹಿಡಿದರೆ ಅವರ ವ್ಯಾಪಾರ ಯಾವುದು ಅಂತ ಅವರೇ ಹೇಳಿದ ಹಾಗಾಯಿತು. ನನ್ನ ಪ್ರಕಾರ ಇಡೀ ಮಾರ್ಗದರ್ಶಿಯಲ್ಲಿ ಇದಕ್ಕಿಂತ ಅಗ್ಗದ ಪರೀಕ್ಷೆ ಇನ್ನೊಂದಿಲ್ಲ.

## ಬೇರೆ ಬಗೆಯ ಆಫರ್‌ಗಳಿಗೆ

ಜನರನ್ನು ಸೇರಿಸುವ ಸ್ಕೀಮ್. 2021ರ ಡೈರೆಕ್ಟ್ ಸೆಲ್ಲಿಂಗ್ ನಿಯಮಗಳ ಪ್ರಕಾರ ಸೇರಲು ಶುಲ್ಕ ಕೇಳುವ ಹಾಗಿಲ್ಲ. ಪಿರಮಿಡ್ ಸ್ಕೀಮ್, ಅಂದರೆ ಹೊಸಬರನ್ನು ಸೇರಿಸಿದ್ದಕ್ಕೇ ದುಡ್ಡು ಕೊಡುವ ಸ್ಕೀಮ್ ನಡೆಸುವ ಹಾಗೂ ಇಲ್ಲ. ಹಣ ಚಲಾವಣೆ ಸ್ಕೀಮುಗಳನ್ನು 1978ರ ಕಾಯ್ದೆಯೇ ನಿಷೇಧಿಸಿದೆ. ಒಂದು ಪ್ರಶ್ನೆ ಸಾಕು: ಯಾರನ್ನೂ ಸೇರಿಸದೆ ಸುಮ್ನೆ ಸೋಪು ಮಾರಿದರೆ ತಿಂಗಳಿಗೆ ಎಷ್ಟು ಸಿಗುತ್ತದೆ?

ಫ್ರಾಂಚೈಸಿ. ಭಾರತದಲ್ಲಿ ಇದಕ್ಕೆ ಅಂತಲೇ ಪ್ರತ್ಯೇಕ ಕಾನೂನು ಇಲ್ಲ. ಹಾಗಾಗಿ ಲೆಕ್ಕ ತೋರಿಸಿ ಅಂತ ನೀವೇ ಕೇಳಬೇಕು. ಮುಚ್ಚಿಹೋದ ಔಟ್‌ಲೆಟ್‌ಗಳ ಪಟ್ಟಿ ಕೇಳಿ, ಅವರ ಹತ್ತಿರ ಮಾತಾಡಿ. ದೊಡ್ಡ ಬ್ರ್ಯಾಂಡ್ ಆದರೆ ಗೂಗಲ್‌ನಲ್ಲಿ ಮೊದಲು ಬಂದ ಜಾಹೀರಾತನ್ನು ಒತ್ತಬೇಡಿ. ನಕಲಿ ಡೀಲರ್‌ಶಿಪ್ ವೆಬ್‌ಸೈಟುಗಳು ಅಲ್ಲೇ ಕಾದಿರುತ್ತವೆ. ಪ್ಯಾಕೆಟ್ ಮೇಲೆ ಅಚ್ಚಾದ ಗ್ರಾಹಕ ನಂಬರಿಗೆ ಫೋನ್ ಮಾಡಿ.

ಮೊಬೈಲ್ ಟವರ್. ಜಾಗಕ್ಕೆ ಬಾಡಿಗೆ ಕೊಡಬೇಕಾದವರು ಟವರ್ ಹಾಕುವ ಕಂಪನಿಯವರು. "ಟ್ರಾಯ್ ಎನ್‌ಒಸಿ ಶುಲ್ಕ" ಅಂತ ನಿಮ್ಮಿಂದ ಕೇಳಿದರೆ ಮೋಸ. ದೂರಸಂಪರ್ಕ ನಿಯಂತ್ರಣ ಸಂಸ್ಥೆಯಾದ ಟ್ರಾಯ್ ಅಂಥ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಕೊಡುವುದೇ ಇಲ್ಲ.

ಟೆಲಿಗ್ರಾಂ ಟಾಸ್ಕ್. ಲೈಕ್ ಒತ್ತಿದ್ದಕ್ಕೆ ಮೊದಲು 150 ರೂ. ಬರುತ್ತದೆ. ಆಮೇಲೆ "ಪ್ರೀಪೇಯ್ಡ್ ಟಾಸ್ಕ್" ಅಂತ ನಿಮ್ಮಿಂದಲೇ ದುಡ್ಡು ಕೇಳುತ್ತಾರೆ. ಪರೀಕ್ಷೆ ಏನೂ ಬೇಡ, ಹೊರಗೆ ಬನ್ನಿ.

ತಿಂಗಳಿಗೆ ಇಷ್ಟು ಖಚಿತ ಲಾಭ ಅನ್ನುವ ಠೇವಣಿ. ರಿಸರ್ವ್ ಬ್ಯಾಂಕಿನ 'ಸಚೇತ್' ಪೋರ್ಟಲ್‌ನಲ್ಲಿ ಆ ಸಂಸ್ಥೆಗೆ ಠೇವಣಿ ಪಡೆಯುವ ಅನುಮತಿ ಇದೆಯಾ ನೋಡಿ. ಅಲ್ಲೇ ದೂರನ್ನೂ ಕೊಡಬಹುದು.

## ದುಡ್ಡು ಆಗಲೇ ಹೋಗಿದ್ದರೆ

ಆನ್‌ಲೈನ್‌ನಲ್ಲಿ ಕಳಿಸಿದ್ದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ಮಾಡಿದಷ್ಟೂ ಆ ದುಡ್ಡು ಮುಂದಿನ ಅಕೌಂಟಿಗೆ ಜಾರುವ ಮುಂಚೆ ತಡೆಯುವ ಸಾಧ್ಯತೆ ಜಾಸ್ತಿ. "ನಾಳೆ ಕೊಡ್ತಾರಂತೆ, ನೋಡೋಣ" ಅಂತ ಕಾಯಬೇಡಿ.

ನಂತರ ಪೊಲೀಸ್ ದೂರು. ವಾಟ್ಸಾಪ್ ಮಾತುಕತೆ ಅಳಿಸಬೇಡಿ, ಸಿಟ್ಟಿಗೆ ನಂಬರ್ ಬ್ಲಾಕ್ ಕೂಡ ಮಾಡಬೇಡಿ. ಬಿಲ್, ಅಗ್ರಿಮೆಂಟ್, ಬ್ಯಾಂಕ್ ಸ್ಟೇಟ್‌ಮೆಂಟ್ ಜೋಡಿಸಿಕೊಳ್ಳಿ. ಇನ್ನಷ್ಟು ಜನ ಸಿಕ್ಕಿಬಿದ್ದಿದ್ದರೆ ಒಟ್ಟಾಗಿ ಹೋಗಿ. ಒಬ್ಬರೇ ಹೋದಾಗ ಕೊಡುವ-ತೆಗೆದುಕೊಳ್ಳುವ ಸಿವಿಲ್ ತಕರಾರು ಅಂತ ವಾಪಸ್ ಕಳಿಸುವುದು ಸುಲಭ, 40 ಜನ ಹೋದಾಗ ಕಷ್ಟ. ಠೇವಣಿ ರೂಪದಲ್ಲಿ ಪಡೆದಿದ್ದರೆ ಕರ್ನಾಟಕದ 2004ರ ಠೇವಣಿದಾರರ ಹಿತರಕ್ಷಣಾ ಕಾಯ್ದೆ ಅನ್ವಯಿಸುತ್ತದೆಯಾ ಅಂತ ವಕೀಲರನ್ನು ಕೇಳಿ.

ಒಂದು ಎಚ್ಚರಿಕೆ. ದೂರು ಕೊಟ್ಟ ಕೆಲವೇ ದಿನದಲ್ಲಿ "ನಿಮ್ಮ ದುಡ್ಡು ವಾಪಸ್ ಕೊಡಿಸ್ತೀವಿ, ಪ್ರೊಸೆಸಿಂಗ್ ಫೀಸ್ ಕಟ್ಟಿ" ಅನ್ನುವ ಫೋನ್ ಬರಬಹುದು. ಅದು ಅದೇ ಗುಂಪಿನ ಎರಡನೇ ಸುತ್ತು ಇರಬಹುದು. ಒಂದು ಪೈಸೆಯನ್ನೂ ಕಟ್ಟಬೇಡಿ.

ಗ್ರಾಹಕ ಆಯೋಗದ ದಾರಿಯೂ ಇದೆ. ವ್ಯಾಪಾರಕ್ಕೆ ಕೊಂಡವರು ಗ್ರಾಹಕರಲ್ಲ ಅಂತ ಕಂಪನಿ ವಾದಿಸುತ್ತದೆ. ಆದರೆ ಸ್ವಉದ್ಯೋಗ ಮಾಡಿ ಹೊಟ್ಟೆಪಾಡು ನಡೆಸಲೆಂದೇ ಮಷಿನ್ ಕೊಂಡವರನ್ನು 2019ರ ಗ್ರಾಹಕ ರಕ್ಷಣಾ ಕಾಯ್ದೆ ಗ್ರಾಹಕರು ಅಂತಲೇ ಒಪ್ಪುತ್ತದೆ. ದೂರಿನಲ್ಲಿ ಆ ಸಾಲು ಸ್ಪಷ್ಟವಾಗಿ ಬರೆಯಿರಿ. ಕೊಟ್ಟ ಮೊತ್ತ 5 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗದಲ್ಲಿ ಶುಲ್ಕವಿಲ್ಲ. ಗಡುವು ಎರಡು ವರ್ಷ. ದೂರು ಕೊಡುವುದು ಹೇಗೆ ಅಂತ ಗೊತ್ತಿಲ್ಲದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದರೆ ಹೇಳುತ್ತಾರೆ.